ಬರುವಾಗ ಲೆಕ್ಕದ ಪುಸ್ತಕ ತನ್ನಿ

ಪರಿಸರ ಸಂಘಟನೆಗಳ ಗೆಳೆಯರಿಗೆ,

ಕಳೆದ ಮಳೆಗಾಲದಲ್ಲಿ ನಿಮ್ಮ ಪೈಕಿ ಒಂದು ಸಂಘಟನೆಯವರು ನಮ್ಮೂರು ನೆಮ್ಮಾರಿನಲ್ಲಿ ಎರಡು ದಿನದ ಶಿಬಿರ ಮಾಡಿದರು. ಹೆಸರು ಬೇಡ. ಅವರ ಮನಸ್ಸಿನ ಬಗ್ಗೆ ನನಗೆ ಅನುಮಾನವಿಲ್ಲ. ಸುರಿಯುವ ಮಳೆಯಲ್ಲಿ ನಿಂತು, ಇಂಬಳ ಕಚ್ಚಿಸಿಕೊಂಡು, ಹೊಳೆಯಂಚಿನಲ್ಲಿ ನೇರಳೆ, ಹೊಂಗೆ, ಹಲಸಿನ ಗಿಡ ನೆಟ್ಟರು. ಊರವರೂ ಕೈಜೋಡಿಸಿದೆವು.

ಅವರು ಹೋದ ಮರುದಿನ ಬೆಳಿಗ್ಗೆ ಗಿಡ ನೋಡಲು ಆ ಕಡೆ ಹೋದೆ. ಒಂದೊಂದು ಗಿಡದ ಪಕ್ಕದಲ್ಲೂ ಒಂದೊಂದು ಕಪ್ಪು ಪ್ಲಾಸ್ಟಿಕ್ ತೊಟ್ಟೆ ಬಿದ್ದಿತ್ತು. ನರ್ಸರಿಯಿಂದ ಗಿಡ ಬಂದದ್ದು ಅದರಲ್ಲೇ. ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ, ಗಿಡ ಗುಂಡಿಗಿಟ್ಟು, ತೊಟ್ಟೆಯನ್ನು ಅಲ್ಲೇ ಬಿಟ್ಟಿದ್ದರು. ಒಳಗೋಡೆಗೆ ಕೆಂಪು ಮಣ್ಣೂ ಕೂದಲೆಳೆಯಂಥ ಬೇರಿನ ಚೂರೂ ಇನ್ನೂ ಅಂಟಿಕೊಂಡಿದ್ದವು. ಕೆಲವು ಆಗಲೇ ಮಳೆನೀರಿಗೆ ಸಿಕ್ಕಿ ಹಳ್ಳದ ಕಡೆ ಜಾರುತ್ತಿದ್ದವು. ಹೆಕ್ಕುತ್ತಾ ಹೋದೆ. ಅಡಿಕೆ ತುಂಬುವ ಗೋಣಿಚೀಲ ಒಂದು ಭರ್ತಿಯಾಗಿ, ಇನ್ನೊಂದಕ್ಕೆ ಅರ್ಧ ಬಂತು.

ಗಂಗಾಮೂಲದಲ್ಲಿ ಹುಟ್ಟಿದ ತುಂಗೆ ಕೆರೆಕಟ್ಟೆ ಕಡೆಯಿಂದ ಇಳಿದು ನಮ್ಮೂರಿಗೆ ಬರುತ್ತಾಳೆ, ಆಮೇಲೆ ಶೃಂಗೇರಿಗೆ. ನಮ್ಮಲ್ಲಿ ಹೊಳೆಗೆ ಬಿದ್ದದ್ದು ಮಠದ ಮೆಟ್ಟಿಲ ಬಳಿ ಮಂಡಕ್ಕಿಗೆ ಬಾಯಿ ತೆರೆಯುವ ಮೀನುಗಳ ಹತ್ತಿರ ಹೋಗುತ್ತದೆ. ಇದು ಶಿಬಿರದಲ್ಲಿ ನೀವೇ ನಮ್ಮ ಮಕ್ಕಳಿಗೆ ಹೇಳಿಕೊಟ್ಟ ಪಾಠ.

ಶಿಬಿರ ನಡೆದ ಸಭಾಂಗಣದ ಹಿಂದೆ ಗುಡ್ಡದ ಅಬ್ಬಿ ನೀರು ತೊಟ್ಟಿಗೆ ಹಗಲೂ ರಾತ್ರಿ ಬೀಳುತ್ತಿರುತ್ತದೆ. ಹಿಂದೆ ದಂಬೆಯಲ್ಲಿ ಬರುತ್ತಿತ್ತು, ಈಗ ಪೈಪಿನಲ್ಲಿ. ಪಂಪೂ ಬೇಡ, ಕರೆಂಟೂ ಬೇಡ, ನೀರು ತಾನಾಗಿ ಇಳಿದು ಬರುತ್ತದೆ. ಆ ತೊಟ್ಟಿಯ ಪಕ್ಕದಲ್ಲೇ ಬೆಂಗಳೂರಿನಿಂದ ಕಾರಿನಲ್ಲಿ ಬಂದ ನೀರಿನ ಖಾಲಿ ಬಾಟಲಿಗಳ ರಾಶಿ ಇತ್ತು. ಗೋಡೆಗೆ ಕಟ್ಟಿದ ಫ್ಲೆಕ್ಸನ್ನು ಬಿಚ್ಚಿಯೇ ಇರಲಿಲ್ಲ. ಫ್ಲೆಕ್ಸು, ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳನ್ನು ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲೇ ನಿಷೇಧಿಸಿದೆ. ಆ ಆದೇಶಕ್ಕಾಗಿ ದನಿಯೆತ್ತಿದವರಲ್ಲಿ ನಿಮ್ಮಂಥವರೂ ಇದ್ದರು.

ಇಷ್ಟು ಸಣ್ಣ ವಿಷಯಕ್ಕೆ ಬಹಿರಂಗ ಪತ್ರವೇ ಎಂದು ಕೇಳಬಹುದು. ನನಗೆ ಇದು ಸಣ್ಣದಾಗಿ ಕಾಣಲಿಲ್ಲ. ಅದೇ ಶಿಬಿರದಲ್ಲಿ ನೀವು ನಮಗೆ ಮೈಲುತುತ್ತು ಕಡಿಮೆ ಬಳಸಿ ಎಂದಿರಿ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಬೆರೆಸಿ ಅಡಿಕೆಗೆ ಮಳೆಗಾಲಕ್ಕೆ ಎರಡು ಮೂರು ಸಲ ಹೊಡೆಯುತ್ತೇವೆ. ವರ್ಷ ವರ್ಷವೂ ತೋಟದ ಮಣ್ಣಿನಲ್ಲಿ ತಾಮ್ರ ಕೂಡುತ್ತಾ ಹೋಗುತ್ತದೆ ಎಂದು ನೀವು ಹೇಳಿದ್ದು ಸತ್ಯ. ಆದರೆ ಒಂದು ಸಲ ಔಷಧಿ ತಪ್ಪಿದರೂ ಕೊಳೆರೋಗ ಬಂದು ಎಳೆಗಾಯಿ ಮರದಡಿಗೆ ಉದುರುತ್ತದೆ. ವರ್ಷದ ಅನ್ನ ಅದು. ಅಷ್ಟು ದೊಡ್ಡ ಮಾತನ್ನು ನೀವು ಹೇಳಿದಿರಿ, ನಾವು ಕೂತು ಕೇಳಿದೆವು, ಕೆಲವರು ಪ್ರಯತ್ನವನ್ನೂ ಮಾಡುತ್ತಿದ್ದಾರೆ. ಬೇರೆಯವರಿಗೆ ಅಷ್ಟು ಹೇಳುವವರು ತಮ್ಮ ಮನೆಯ ಹತ್ತು ತೊಟ್ಟೆಯ ಲೆಕ್ಕವನ್ನೂ ಇಟ್ಟಿರಬೇಕು.

ಲೆಕ್ಕ ಕೇಳುವುದನ್ನು ನಮಗೆ ಕಲಿಸಿದ್ದೂ ನೀವೇ. ಕುದುರೆಮುಖದ ಗಣಿಯಿಂದ ಭದ್ರೆಗೆ ಎಷ್ಟು ಹೂಳು ಸೇರುತ್ತಿದೆ ಎಂದು ಅಳೆದು, ನ್ಯಾಯಾಲಯದ ಮುಂದಿಟ್ಟು, 2002ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಪಡೆದು, 2005ರ ಕೊನೆಗೆ ಗಣಿ ನಿಲ್ಲಿಸಿದವರು ಪರಿಸರ ಕಾರ್ಯಕರ್ತರು. ಆ ಋಣ ಈ ಸೀಮೆಯ ಮೇಲಿದೆ.

ನಡೆದು ತೋರಿಸಿದವರೂ ನಮ್ಮ ನಾಡಿನಲ್ಲೇ ಇದ್ದಾರೆ. ಬೆಂಗಳೂರಿನ ಎ.ಆರ್. ಶಿವಕುಮಾರ್ ಮಳೆಕೊಯ್ಲಿನ ವಿಜ್ಞಾನಿ. ಊರಿಗೆಲ್ಲ ಮಳೆನೀರು ಹಿಡಿಯಿರಿ ಎಂದು ಹೇಳುವ ಅವರು 1990ರ ದಶಕದಲ್ಲಿ ಕಟ್ಟಿಸಿದ ತಮ್ಮ ಮನೆಗೆ ಜಲಮಂಡಳಿಯ ನಲ್ಲಿಯನ್ನೇ ಹಾಕಿಸಿಕೊಳ್ಳದೆ ಮಳೆನೀರಿನಲ್ಲೇ ಸಂಸಾರ ನಡೆಸಿದರು. ದೊಮ್ಮಲೂರಿನ ಟೆರಿ ಸಂಸ್ಥೆಯ ಕಚೇರಿಯನ್ನು ವಾಸ್ತುಶಿಲ್ಪಿ ಸಂಜಯ ಮೋಹೆ ಕಟ್ಟಿದ ರೀತಿ ನೋಡಿ. ದಕ್ಷಿಣಕ್ಕೆ ದುರ್ನಾತದ ಚರಂಡಿ, ಗಾಳಿ ಬೀಸುವುದೂ ಅಲ್ಲಿಂದಲೇ. ಅವರು ಆ ಕಡೆಗೆ ಕಿಟಕಿಯಿಲ್ಲದ ಗೋಡೆ ಎಬ್ಬಿಸಿ ಕಪ್ಪು ಕಲ್ಲು ಹೊದಿಸಿದರು. ಬಿಸಿಲಿಗೆ ಅದು ಕಾದು, ಬಿಸಿಗಾಳಿ ಮೇಲೇರಿ, ಉತ್ತರದ ತಂಪು ಗಾಳಿಯನ್ನು ಕೋಣೆಗಳೊಳಗೆ ಎಳೆದುಕೊಳ್ಳುತ್ತದೆ. ಇಂಧನ ಉಳಿಸಿ ಎನ್ನುವ ಸಂಸ್ಥೆ ಮೊದಲು ತನ್ನ ಗೋಡೆಯಲ್ಲಿ ಅದನ್ನು ಮಾಡಿತು.

ಓಡಾಟದ ವಿಷಯವನ್ನೂ ಹೇಳಿಬಿಡುತ್ತೇನೆ. ಶಿಬಿರಕ್ಕೆ ಬಂದವರು ಹದಿನಾಲ್ಕು ಜನ, ಬಂದದ್ದು ಆರು ಕಾರು. ಬೆಂಗಳೂರಿನಿಂದ ಹೋಗಿ ಬರಲು ಹತ್ತಿರ ಹತ್ತಿರ 650 ಕಿ.ಮೀ. ಲೀಟರಿಗೆ ಹದಿನೈದು ಕಿ.ಮೀ. ಹಿಡಿದರೆ ಆರು ಕಾರಿಗೆ 260 ಲೀಟರ್ ಡೀಸೆಲ್, ಲೀಟರಿಗೆ 2.7 ಕಿಲೋದಂತೆ ಏಳುನೂರು ಕಿಲೋ ಇಂಗಾಲದ ಡೈಆಕ್ಸೈಡ್. ಶೃಂಗೇರಿಗೆ ರಾತ್ರಿ ಬಸ್ಸಿದೆ. ಹದಿನಾಲ್ಕು ಸೀಟು ಒಂದೇ ಬಸ್ಸಿನಲ್ಲಿ ಸಿಗುತ್ತಿತ್ತು. 1983ರ ಸೆಪ್ಟೆಂಬರ್ 8ರಂದು ಶಿರಸಿ ಸೀಮೆಯ ಸಾಲ್ಕಣಿಯಲ್ಲಿ ಮರ ಅಪ್ಪಿಕೊಂಡವರ ಚಳವಳಿ ಪಶ್ಚಿಮ ಘಟ್ಟದಲ್ಲಿ ಹಬ್ಬಿದ್ದು ಪಾದಯಾತ್ರೆಯಿಂದ. 2024ರ ನವೆಂಬರಿನಲ್ಲಿ ತುಂಗಭದ್ರೆಯ ಶುದ್ಧಿಗಾಗಿ ಶೃಂಗೇರಿಯಿಂದ ಹೊರಟವರೂ ನಡೆದೇ ಹೋದರು. ಎಲ್ಲರೂ ನಡೆಯಬೇಕೆಂದು ನಾನು ಹೇಳುತ್ತಿಲ್ಲ, ಬಸ್ಸು ಹತ್ತಿದರೆ ಸಾಕು.

ನನ್ನ ಬೇಡಿಕೆ ಒಂದೇ. ನಮ್ಮ ಸಹಕಾರ ಸಂಘದ ಮಹಾಸಭೆಯಲ್ಲಿ ಕಾರ್ಯದರ್ಶಿ ಎದ್ದು ನಿಂತು ವರ್ಷದ ಜಮಾ-ಖರ್ಚು ಓದುತ್ತಾರೆ. ಚಹದ ಖರ್ಚನ್ನೂ ಬಿಡುವುದಿಲ್ಲ; ತಪ್ಪಿದ್ದರೆ ಹಿಂದಿನ ಸಾಲಿನಿಂದ ಯಾರಾದರೂ ಎದ್ದು ಕೇಳುತ್ತಾರೆ. ನಿಮ್ಮ ಸಂಘಟನೆಗಳೂ ಹಣದ ಲೆಕ್ಕ ಓದುತ್ತವೆ. ಅದರ ಜೊತೆಗೆ ಇನ್ನೊಂದು ಪುಟ ಸೇರಿಸಿ: ಈ ವರ್ಷ ಸುಟ್ಟ ಡೀಸೆಲ್ ಎಷ್ಟು, ಕಚೇರಿಯ ಕರೆಂಟು ಎಷ್ಟು ಯೂನಿಟ್, ಕಾಗದ ಎಷ್ಟು ರೀಮು, ಕೊಂಡ ಬಾಟಲಿ, ಕಟ್ಟಿಸಿದ ಫ್ಲೆಕ್ಸು, ನೆಟ್ಟ ಗಿಡ, ವಾಪಸು ಒಯ್ದ ತೊಟ್ಟೆ, ಮರುವರ್ಷ ಬದುಕಿರುವ ಗಿಡ. ಅದನ್ನು ಸದಸ್ಯರೆದುರಿಗೆ, ಶಿಬಿರ ನಡೆದ ಊರಿನವರೆದುರಿಗೆ ಜೋರಾಗಿ ಓದಿ. ತಪ್ಪಿದ್ದರೆ ತಪ್ಪೆಂದೇ ಓದಿ, ಅದಕ್ಕೆ ಯಾರೂ ನಿಮ್ಮನ್ನು ಕೀಳಾಗಿ ಕಾಣುವುದಿಲ್ಲ.

ಬರುವ ಮಳೆಗಾಲಕ್ಕೆ ಮತ್ತೆ ಬನ್ನಿ. ಊಟಕ್ಕೆ ಬಾಳೆಲೆ, ಹಾಳೆತಟ್ಟೆ ನಮ್ಮದು, ನೀರು ಅಬ್ಬಿಯದು, ಲೋಟ ಮಾತ್ರ ನಿಮ್ಮದು ತನ್ನಿ. ಆ ಒಂದೂವರೆ ಚೀಲ ತೊಟ್ಟೆ ನಮ್ಮ ಅಡಿಕೆ ಸುಲಿಯುವ ಕೊಟ್ಟಿಗೆಯ ಅಟ್ಟದ ಮೇಲಿದೆ. ಹೋಗುವಾಗ ಅದನ್ನು ನರ್ಸರಿಗೆ ಒಯ್ಯಿರಿ.

ಇಂತಿ,
ನೆಮ್ಮಾರಿನ ಒಬ್ಬ ಅಡಿಕೆ ಬೆಳೆಗಾರ