ರಿಮೋಟ್ ರಾಯರು

ಮುಂಬೈಯ ಯಾವ ಕನ್ನಡ ಶಾಲೆಗೆ ಹೋದರೂ ಕಮಿಟಿಯಲ್ಲಿ ಒಬ್ಬರು ರಿಮೋಟ್ ರಾಯರು ಇದ್ದೇ ಇರುತ್ತಾರೆ. ನಿವೃತ್ತ ಬ್ಯಾಂಕ್ ಅಧಿಕಾರಿ, ಮನೆ ಡೊಂಬಿವಲಿ, ಕಂಕುಳಲ್ಲಿ ಕೊಡೆ, ಜೇಬಿನಲ್ಲಿ ಬೀಗದ ಕೈಗಳ ಗೊಂಚಲು. ಇವರು ಆಯುಷ್ಯವೆಲ್ಲ ದುಡಿದ ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಸ್ಟ್ರಾಂಗ್ ರೂಮಿನ ಚಾಳಿ ಮಾತ್ರ ಇವರಲ್ಲೇ ಉಳಿಯಿತು.

ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತು, ಈಗ ಸ್ವಂತ ಹೋಟೆಲಿನ ಗಲ್ಲಾದಲ್ಲಿ ಕೂತ ಹಳೆ ವಿದ್ಯಾರ್ಥಿಗಳು ಶಾಲೆಗೊಂದು 75 ಇಂಚಿನ ಟಚ್ ಪ್ಯಾನೆಲ್ ಕೊಡಿಸಿದರು. ಗೋಡೆಗೆ ಮೋಟಾರಿನ ಚೌಕಟ್ಟು. ಗುಂಡಿ ಒತ್ತಿದರೆ ಏರುತ್ತದೆ, ಇಳಿಯುತ್ತದೆ. ಮಕ್ಕಳ ಸಂಖ್ಯೆ ಬರೀ ಇಳಿಯುತ್ತಿರುವಾಗ ಏರುವಂಥದ್ದೂ ಏನಾದರೊಂದು ಇರಲಿ ಅಂತಲೋ ಏನೋ!

ರಿಮೋಟು ಕಪಾಟಿನಲ್ಲಿ, ಅದರ ಸೆಲ್ಲು ಹೆಡ್‌ಮಿಸ್ಟ್ರೆಸ್ ಮೇಜಿನ ಖಾನೆಯಲ್ಲಿ. "ಜಾಯಿಂಟ್ ಕಸ್ಟಡಿ" ಎನ್ನುತ್ತಾರೆ ರಾಯರು. ಕಪಾಟಿನ ಕೀಲಿ ಡೊಂಬಿವಲಿಯಿಂದ ಬರಬೇಕು. ಮಳೆಗಾಲದಲ್ಲಿ ವಿಜ್ಞಾನದ ಟೀಚರು ಫೋನ್ ಮಾಡಿದರೆ, "ಗಾಡಿ ಕುರ್ಲಾದಲ್ಲಿ ನಿಂತಿದೆ ಟೀಚರೇ, ಹೃದಯ ನಾಳೆಗಿರಲಿ, ಇವತ್ತು ಬೋರ್ಡಿನಲ್ಲೇ ಮೂತ್ರಪಿಂಡ ಮಾಡಿಬಿಡಿ" ಎಂಬ ಉತ್ತರ.

ಬಂದಮೇಲೆ ಮಾತ್ರ ಶಾಸ್ತ್ರ ತಪ್ಪುವುದಿಲ್ಲ. ಪ್ಯಾನೆಲ್ಲಿನ ಮುಂದೆ ರಾಯರೇ ಬಳಿದ ಹಳದಿ ಗೆರೆ ಇದೆ, ಥೇಟ್ ದಾದರ್ ಪ್ಲಾಟ್‌ಫಾರ್ಮಿನದು. "ಗೆರೆ ದಾಟಬೇಡಿ ಮಕ್ಕಳೇ!" ಅಡಿಯ ಬೆಂಚು ಎಳೆಸುತ್ತಾರೆ. ಅಂಚಿಗೆ ಯಾರೋ ನೇತುಹಾಕಿದ ಒದ್ದೆ ಕೊಡೆಯನ್ನು ಸಾಕ್ಷ್ಯದಂತೆ ಎತ್ತಿ ಹಿಡಿಯುತ್ತಾರೆ. ಗುಂಡಿಯ ಮೇಲೆ ಬೆರಳು, ಪ್ಯಾನೆಲ್ಲಿನ ಮೇಲೆ ಕಣ್ಣು. ಅದು ನಿಲ್ಲುವ ತನಕ ಯಾರ ನಮಸ್ಕಾರಕ್ಕೂ ಪ್ರತಿ ನಮಸ್ಕಾರವಿಲ್ಲ. ಟೀಚರುಗಳು ಸೆರಗಿನ ಮರೆಯಲ್ಲಿ ನಗುತ್ತಾರೆ. ನಗಲಿ. ಐವತ್ತು ಕಿಲೋದ ಸಾಮಾನು ಇಳಿಯುವಾಗ ಕೆಳಗೆ ಬೆಂಚಿದ್ದರೆ ಸಿಕ್ಕಿ ಓರೆಯಾಗುತ್ತದೆ, ಚೌಕಟ್ಟಿನ ಸಂದಿಯಲ್ಲಿ ಮಗುವಿನ ಬೆರಳಿದ್ದರೆ ಜಜ್ಜಿಹೋಗುತ್ತದೆ.

ಉದ್ಘಾಟನೆಯ ದಿನ ಮುಖ್ಯ ಅತಿಥಿಗಳಿಗೆ ಗುಂಡಿಯ ರುಚಿ ಹತ್ತಿತು. ಏರಿಸಿದರು, ಇಳಿಸಿದರು, ಫೋಟೋದವನಿಗಾಗಿ ಮತ್ತೆ ಏರಿಸಿದರು. ಮೋಟಾರು ಗಪ್‌ಚಿಪ್. ಸಭೆಯಲ್ಲಿ ಹಾಹಾಕಾರ. ರಾಯರು ಎದ್ದು ನಿಂತು, "ಗಾಬರಿ ಬೇಡ ಮಾರಾಯ್ರೆ, ಕಾದಿದೆ ಅಷ್ಟೆ. ಎರಡು ನಿಮಿಷ ಓಡಿದರೆ ಹದಿನೆಂಟು ನಿಮಿಷ ವಿಶ್ರಾಂತಿ. ಅದಕ್ಕೂ ಲಂಚ್ ಅವರ್ ಉಂಟು" ಎಂದರು. ಇಂಥ ಬಹಳಷ್ಟು ಮೋಟಾರುಗಳ ಲೆಕ್ಕ ನಿಜಕ್ಕೂ ಅದೇ. ಭಾಷಣಗಳಿಗೆ ಆ ನಿಯಮ ಇಲ್ಲದ್ದರಿಂದ ಸಭೆ ಮುಂದುವರಿಯಿತು.

ನಾನು ಮೆಚ್ಚಿದ್ದು ಅವರ ಇನ್ನೊಂದು ಚಟವನ್ನು. ಪ್ರತಿ ತಿಂಗಳೂ ಬೆರಳ ಗೆಣ್ಣಿನಿಂದ ಗೋಡೆ ತಟ್ಟಿ ಕಿವಿಗೊಡುತ್ತಾರೆ. ಮುಂಬೈ ಮಳೆ ಕುಡಿದ ಪ್ಲಾಸ್ಟರು ಟೊಳ್ಳಾದರೆ ಡಬ್ ಎನ್ನುತ್ತದೆ. ಬೋಲ್ಟು ಗಟ್ಟಿ ಕಾಂಕ್ರೀಟನ್ನು ಕಚ್ಚಿರಬೇಕು, ಪ್ಲಾಸ್ಟರನ್ನಲ್ಲ. ದಾನಿಗಳ ಹೆಸರಿನ ಅಮೃತಶಿಲೆ ಮಾತ್ರ ಪಿಲ್ಲರಿಗೇ ಕೂತಿದೆ, ಭೂಕಂಪಕ್ಕೂ ಜಗ್ಗದು.

ನಿಮ್ಮ ಕಮಿಟಿಯಲ್ಲೂ ಇಂಥ ರಾಯರಿದ್ದರೆ, ದಯವಿಟ್ಟು ರಿಮೋಟನ್ನು ಅವರಿಂದ ಬಿಡಿಸಿ ಟೀಚರ ಕೈಗೆ ಕೊಡಿಸಿ. ಗೋಡೆ ತಟ್ಟುವ ಕೆಲಸದಿಂದ ಮಾತ್ರ ಅವರನ್ನು ರಿಟೈರ್ ಮಾಡಬೇಡಿ.