ಮಾನ್ಯ ಸ್ಪೀಕರ್ ಅವರ ಸನ್ನಿಧಾನಕ್ಕೆ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಬ್ಲೂಟೂತ್ ಸ್ಪೀಕರ್ ಅವರು,
ಕಂಪ್ಯೂಟರ್ ಮೇಜಿನ ಬಲತುದಿ.

ವಿಷಯ: ಜೋಡಣೆಯಾದ ಮೇಲೂ ಲಿನಕ್ಸ್ ಡೆಸ್ಕ್‌ಟಾಪ್‌ನ ಎದುರು ಸದರಿಯವರು ಮೌನ ಮುರಿಯದಿರುವ ಬಗ್ಗೆ.

ಬ್ಲೂಟೂತ್ ಸ್ಪೀಕರ್ ಎಂಬುದು ಮೊಬೈಲ್ ಫೋನ್ ಕಂಡರೆ ಕ್ಷಣಮಾತ್ರದಲ್ಲಿ ಬಾಯಿಬಿಡುವ, ಲಿನಕ್ಸ್ ಡೆಸ್ಕ್‌ಟಾಪ್ ಕಂಡರೆ ಮೌನವ್ರತ ಹಿಡಿಯುವ ಉಪಕರಣ. ಇದರಲ್ಲಿ ಪಕ್ಷಪಾತವೇನೂ ಇಲ್ಲ. ಫೋನಿನ ರೇಡಿಯೊ, ಆಂಟೆನಾ, ಫರ್ಮ್‌ವೇರ್, ಧ್ವನಿ ವ್ಯವಸ್ಥೆ ಎಲ್ಲವನ್ನೂ ಒಂದೇ ಕಂಪನಿ ಜೋಡಿಸಿ, ಪರೀಕ್ಷಿಸಿ ಮಾರುಕಟ್ಟೆಗೆ ಬಿಟ್ಟಿರುತ್ತದೆ. ಡೆಸ್ಕ್‌ಟಾಪ್‌ನಲ್ಲಿ ರೇಡಿಯೊ ಒಬ್ಬರದು, ಚಾಲಕ ತಂತ್ರಾಂಶ ಇನ್ನೊಬ್ಬರದು, ಜೋಡಣೆಯ ವ್ಯವಹಾರ ಮತ್ತೊಬ್ಬರದು, ಧ್ವನಿ ಮಗದೊಬ್ಬರದು. ಒಂದೊಂದಕ್ಕೂ ಒಂದೊಂದು ಕಚೇರಿ. ಒಂದು ಹಾಡು ಸನ್ನಿಧಾನವನ್ನು ತಲುಪಬೇಕಾದರೆ ಅದರ ಕಡತ ಈ ಎಲ್ಲ ಮೇಜುಗಳನ್ನೂ ದಾಟಿ ಬರಬೇಕು. ಯಾವ ಮೇಜಿನಲ್ಲೂ ಲಂಚ ಕೇಳುವುದಿಲ್ಲ, ಎಲ್ಲರೂ ತಮ್ಮ ಕೆಲಸವನ್ನು ನಿಯಮದಂತೆ ಮಾಡಿ ಮುಗಿಸುತ್ತಾರೆ. ಆದರೆ ಕಡತ ಎಲ್ಲಿ ನಿಂತಿದೆ ಎಂದು ಅರ್ಜಿದಾರನಿಗೆ ತಿಳಿಸುವ ಹೊಣೆ ಮಾತ್ರ ಯಾರ ಹೆಸರಿಗೂ ಹಂಚಿಕೆಯಾಗಿಲ್ಲ.

ಮಾನ್ಯರ ವಂಶ ದೊಡ್ಡದು. 10ನೇ ಶತಮಾನದ ಡೆನ್ಮಾರ್ಕಿನ ದೊರೆ ಹೆರಾಲ್ಡ್ ಬ್ಲೂಟೂತ್‌ನ ಹೆಸರನ್ನು ಈ ತಂತ್ರಜ್ಞಾನಕ್ಕೆ 1997ರಲ್ಲಿ ಸೂಚಿಸಿದವರು ಇಂಟೆಲ್‌ನ ಜಿಮ್ ಕಾರ್ಡಕ್. ಚಿಹ್ನೆಯಲ್ಲಿರುವುದು ಆ ದೊರೆಯ ಹೆಸರಿನ ಎರಡು ಮೊದಲಕ್ಷರಗಳ ರೂನಿಕ್ ಲಿಪಿರೂಪ. ಹೆಸರು ಬರೀ ತಾತ್ಕಾಲಿಕ ಎಂಬ ಒಪ್ಪಂದವಿತ್ತು. 1998ರಲ್ಲಿ ಎರಿಕ್ಸನ್, ಇಂಟೆಲ್, ನೋಕಿಯಾ, ಐಬಿಎಂ, ತೋಷಿಬಾ ಸೇರಿ ಒಕ್ಕೂಟ ಕಟ್ಟಿಕೊಂಡವು, ಹೆಸರು ಹಾಗೆಯೇ ಉಳಿಯಿತು. ತಾತ್ಕಾಲಿಕವಾಗಿ ನೇಮಕಗೊಂಡದ್ದು ಕಾಯಂ ಆಗುವ ಪದ್ಧತಿ ಅಲ್ಲಿಯೂ ಇದೆ ಎಂಬುದಕ್ಕೆ ಇಷ್ಟು ಸಾಕು. ಹಂಚಿಹೋಗಿದ್ದ ಡೇನರನ್ನು ಒಂದುಗೂಡಿಸಿದ ದೊರೆಯಂತೆ ಇದು ಸಾಧನಗಳನ್ನು ಒಂದುಗೂಡಿಸಲಿ ಎಂಬುದು ಆ ಹೆಸರಿನ ಹಿಂದಿದ್ದ ಆಶಯ. ದೊರೆಯ ಕಾಲದಲ್ಲಿ ಲಿನಕ್ಸ್ ಇರಲಿಲ್ಲ.

ಹಾಡಿನ ಕಡತ ಹುಟ್ಟುವುದು ಡೆಸ್ಕ್‌ಟಾಪ್ ಎಂಬ ಕಬ್ಬಿಣದ ಪೆಟ್ಟಿಗೆಯಲ್ಲಿ. ಲ್ಯಾಪ್‌ಟಾಪ್‌ಗಳಲ್ಲಿ ಬ್ಲೂಟೂತ್ ಹುಟ್ಟಿನಿಂದಲೇ ಬರುತ್ತದೆ, ಡೆಸ್ಕ್‌ಟಾಪ್‌ಗೆ ಅದು ಆಮೇಲೆ ಸೇರಿಸಿದ ಸವಲತ್ತು. ಇಲ್ಲಿ ನಡೆಯುವ ಎಡವಟ್ಟುಗಳಲ್ಲಿ ಲಿನಕ್ಸ್‌ನ ಕೈವಾಡ ಎಳ್ಳಷ್ಟೂ ಇಲ್ಲದಿದ್ದರೂ ಬೈಗುಳವೆಲ್ಲ ಅದಕ್ಕೇ ಜಮೆಯಾಗುತ್ತದೆ. ವೈಫೈ ಮತ್ತು ಬ್ಲೂಟೂತ್ ಎರಡೂ ಇರುವ ಕಾರ್ಡನ್ನು ಮದರ್‌ಬೋರ್ಡಿನ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ ಸಿಕ್ಕಿಸಿದರೆ ವೈಫೈ ಕೂಡಲೇ ಎದ್ದು ಕೂರುತ್ತದೆ. ಬ್ಲೂಟೂತ್ ಏಳುವುದಿಲ್ಲ. ಯಾಕೆಂದರೆ ಅಂಥ ಕಾರ್ಡುಗಳಲ್ಲಿ ಬ್ಲೂಟೂತ್ ಭಾಗ ಮಾತಾಡುವುದು ಯುಎಸ್‌ಬಿ ಭಾಷೆಯಲ್ಲಿ. ಅದಕ್ಕೆಂದು ಕಾರ್ಡಿನ ಡಬ್ಬಿಯಲ್ಲೇ ಕೊಟ್ಟಿರುವ ಪುಟ್ಟ ಕೇಬಲನ್ನು ಮದರ್‌ಬೋರ್ಡಿನ ಯುಎಸ್‌ಬಿ ಪಿನ್ನುಗಳಿಗೆ ಜೋಡಿಸಬೇಕು. ಆ ಕೇಬಲ್ ಸಾಮಾನ್ಯವಾಗಿ ವಾರಂಟಿ ಕಾರ್ಡಿನ ಜೊತೆ ಕಪಾಟು ಸೇರಿರುತ್ತದೆ. ಮದರ್‌ಬೋರ್ಡಿನಲ್ಲೇ ರೇಡಿಯೊ ಇದ್ದರೆ ಹಿಂಬದಿಯಲ್ಲಿ ಹಿತ್ತಾಳೆ ಬಣ್ಣದ ಎರಡು ತಿರುಪುಗಳು ಕಾಣುತ್ತವೆ. ಅವು ಆಂಟೆನಾ ಕೂರಿಸುವ ಜಾಗ. ಇಂಟರ್ನೆಟ್‌ಗೆ ತಂತಿಯನ್ನೇ ಬಳಸುವವರಿಗೆ ಆಂಟೆನಾ ದಂಡವೆನಿಸಿ ಅದೂ ಕಪಾಟು ಸೇರುತ್ತದೆ. ವೈಫೈಗೂ ಬ್ಲೂಟೂತ್‌ಗೂ ಆಂಟೆನಾ ಒಂದೇ ಎಂಬುದು ಆಗ ನೆನಪಾಗುವುದಿಲ್ಲ. ಸ್ಪೀಕರನ್ನು ಕ್ಯಾಬಿನೆಟ್ಟಿಗೆ ಒರಗಿಸಿಟ್ಟಾಗ ಮಾತ್ರ ಹಾಡು ಕೇಳಿ, ಒಂದು ಮಾರು ದೂರ ಸರಿಸಿದೊಡನೆ ತೊದಲತೊಡಗಿದರೆ ಲಿನಕ್ಸನ್ನು ಬಿಟ್ಟು ಕಪಾಟನ್ನು ವಿಚಾರಿಸುವುದು ಲೇಸು.

ಯುಎಸ್‌ಬಿ ಡಾಂಗಲ್ ಬಳಸುವವರ ಗತಿ ಬೇರೆ. ಅಗ್ಗದ ಡಾಂಗಲ್‌ಗಳಲ್ಲಿ ಹಲವು ತಮ್ಮನ್ನು ಕೇಂಬ್ರಿಜ್ ಸಿಲಿಕಾನ್ ರೇಡಿಯೊ ಕಂಪನಿಯ ಚಿಪ್ ಎಂದು ಪರಿಚಯಿಸಿಕೊಳ್ಳುತ್ತವೆ. ಅವುಗಳಲ್ಲಿ ನಕಲಿಗಳು ಎಷ್ಟು ಹೆಚ್ಚಿದವೆಂದರೆ, ಆ ಹೆಸರು ಹೊತ್ತು ಬಂದ ನಕಲಿಯನ್ನು ಗುರುತಿಸಿ ಅದರ ಲೋಪಗಳನ್ನು ಹೊಂದಿಸಿಕೊಂಡು ಹೋಗಲು ಲಿನಕ್ಸ್ ಕರ್ನೆಲ್‌ನಲ್ಲಿ ಪ್ರತ್ಯೇಕ ಕೋಡ್ ಬರೆಯಬೇಕಾಯಿತು. ಸುಳ್ಳು ಜಾತಿ ಪ್ರಮಾಣಪತ್ರ ತಂದವನನ್ನು ಹಿಡಿದೂ ಕೆಲಸದಿಂದ ತೆಗೆಯದ ಉದಾರ ಕಚೇರಿ ಜಗತ್ತಿನಲ್ಲಿ ಇದೊಂದೇ ಇರಬೇಕು. ಡಾಂಗಲ್ ಅಸಲಿಯೇ ಆದರೂ ಅದನ್ನು ಸಿಕ್ಕಿಸುವ ಜಾಗ ಮುಖ್ಯ. ಬ್ಲೂಟೂತ್ ಓಡಾಡುವುದು 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ, 79 ಚಾನೆಲ್‌ಗಳ ನಡುವೆ ಸೆಕೆಂಡಿಗೆ 1600 ಸಲ ಜಿಗಿಯುತ್ತ. ಯುಎಸ್‌ಬಿ 3.0 ಪೋರ್ಟುಗಳು ಇದೇ ಪಟ್ಟಿಯಲ್ಲಿ ಗದ್ದಲ ಎಬ್ಬಿಸುತ್ತವೆ ಎಂದು ಇಂಟೆಲ್ ಕಂಪನಿಯೇ 2012ರಲ್ಲಿ ಪ್ರಬಂಧ ಪ್ರಕಟಿಸಿ ಒಪ್ಪಿಕೊಂಡಿದೆ. ಆ ನೀಲಿ 3.0 ಪೋರ್ಟಿನಲ್ಲಿ ಹಾರ್ಡ್‌ಡಿಸ್ಕ್, ಅದರ ಪಕ್ಕದ ಪೋರ್ಟಿನಲ್ಲಿ ಡಾಂಗಲ್ ಇದ್ದರೆ, ಡಿಸ್ಕಿಗೆ ಫೈಲು ನಕಲಾಗುತ್ತಿರುವಷ್ಟು ಹೊತ್ತು ಮಾನ್ಯರು ಉಗ್ಗುವುದು ಸಹಜ. ಒಂದಡಿ ಉದ್ದದ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಾಂಗಲನ್ನು ಮೇಜಿನ ಮೇಲೆ ತಂದಿಟ್ಟರೆ ಉಗ್ಗು ನಿಲ್ಲುತ್ತದೆ.

ಫರ್ಮ್‌ವೇರ್‌ನದು ತತ್ತ್ವದ ಪ್ರಶ್ನೆ. ಬಹಳಷ್ಟು ಬ್ಲೂಟೂತ್ ಚಿಪ್‌ಗಳಿಗೆ ಪ್ರತಿ ಸಲ ಚಾಲೂ ಆದಾಗಲೂ ತಯಾರಕರ ಫರ್ಮ್‌ವೇರನ್ನು ಉಣಿಸಬೇಕು. ಅದರ ಮೂಲ ಕೋಡ್ ತಯಾರಕರು ಕೊಡುವುದಿಲ್ಲ. ಮುಕ್ತವಲ್ಲದ್ದನ್ನು ಮನೆಗೆ ಸೇರಿಸುವುದೇ ಬೇಡವೇ ಎಂದು ಲಿನಕ್ಸ್ ವಿತರಣೆಯಾದ ಡೆಬಿಯನ್‌ನ ಬಳಗ ವರ್ಷಗಟ್ಟಲೆ ಚರ್ಚಿಸಿ, 2022ರಲ್ಲಿ ಮತ ಹಾಕಿ, ಸೇರಿಸಬಹುದು ಎಂದು ತೀರ್ಮಾನಿಸಿತು. 2023ರ ಡೆಬಿಯನ್ 12ರಿಂದ ಅಧಿಕೃತ ಅನುಸ್ಥಾಪಕದಲ್ಲೇ ಅದು ಬರುತ್ತದೆ. ಅಲ್ಲಿಯವರೆಗೆ ತತ್ತ್ವ ಉಳಿದಿತ್ತು, ಹಾಡು ಇರಲಿಲ್ಲ.

ಇನ್ನು ಕರ್ನೆಲ್. ಇಲ್ಲಿ ತಡ ಕಡಿಮೆ. ರೇಡಿಯೊ ನಿರ್ಬಂಧದಲ್ಲಿದೆಯೇ ಎಂದು ಆರ್‌ಎಫ್‌ಕಿಲ್ ಆದೇಶ ಹೇಳುತ್ತದೆ. ತಂತ್ರಾಂಶದ ನಿರ್ಬಂಧವಾದರೆ ಅದೇ ಆದೇಶದಿಂದ ತೆರವು ಮಾಡಬಹುದು, ಗುಂಡಿಯ ನಿರ್ಬಂಧವಾದರೆ ಬೆರಳೇ ಬೇಕು. ಎಂದೋ ಒಮ್ಮೆ ರೇಡಿಯೊ ಆರಿಸಿದ್ದನ್ನು, ಗಣಕದ ಸೇವೆಗಳನ್ನು ನಡೆಸುವ ಸಿಸ್ಟಂಡಿ ನೆನಪಿಟ್ಟುಕೊಂಡು ಪ್ರತಿ ಬೂಟಿನಲ್ಲೂ ನಿಷ್ಠೆಯಿಂದ ಆರಿಸುತ್ತದೆ ಎಂಬುದಷ್ಟೇ ತಿಳಿದಿರಬೇಕಾದ ಸಂಗತಿ.

ಕಡತ ನಿಜವಾಗಿ ಕೊಳೆಯುವುದು ಮುಂದಿನ ಎರಡು ಮೇಜುಗಳ ನಡುವೆ. ಒಂದು ಬ್ಲೂಝ್, ಇನ್ನೊಂದು ಧ್ವನಿ ಸರ್ವರ್. ಬ್ಲೂಝ್ ಎಂಬುದು ಲಿನಕ್ಸ್‌ನ ಅಧಿಕೃತ ಬ್ಲೂಟೂತ್ ತಂತ್ರಾಂಶ, 2001ರಲ್ಲಿ ಕರ್ನೆಲ್‌ನ ಒಳಗೆ ಬಂದದ್ದು. ಮೊದಮೊದಲು ಧ್ವನಿಯನ್ನೂ ಆಲ್ಸಾ ಎಂಬ ಕರ್ನೆಲ್ ಧ್ವನಿ ವ್ಯವಸ್ಥೆಯ ಮೂಲಕ ತಾನೇ ದಾಟಿಸುತ್ತಿತ್ತು. 2012ರ ಕೊನೆಯಲ್ಲಿ ಬಂದ 5ನೇ ಆವೃತ್ತಿಯಲ್ಲಿ ಆ ಶಾಖೆಯನ್ನೇ ಮುಚ್ಚಿತು: ಸಾಧನಗಳನ್ನು ಜೋಡಿಸುವುದು ತನ್ನ ಕೆಲಸ, ಧ್ವನಿಯನ್ನು ಸಂಕುಚಿಸಿ ಕಳಿಸುವುದು ಬೇರೆಯವರ ಕೆಲಸ. ತಾಂತ್ರಿಕವಾಗಿ ಇದು ಸರಿಯಾದ ನಿರ್ಧಾರವೇ. ಆ ಬೇರೆಯವರು ಮೊದಲು ಪಲ್ಸ್‌ಆಡಿಯೊ ಆಗಿದ್ದರು, ಈಗ ಪೈಪ್‌ವೈರ್ ಆಗಿದ್ದಾರೆ. ರೆಡ್ ಹ್ಯಾಟ್‌ನ ವಿಮ್ ಟೇಮನ್ಸ್ ಆರಂಭಿಸಿದ ಪೈಪ್‌ವೈರ್ 2021ರಲ್ಲಿ ಫೆಡೋರಾ 34ರ ಧ್ವನಿಯ ಹೊಣೆ ಹೊತ್ತಿತು, ಉಬುಂಟು 22.10ರಲ್ಲಿ ಹಿಂಬಾಲಿಸಿತು. ವರ್ಗಾವಣೆಯಾದ ಅಧಿಕಾರಿಯ ಹೆಸರಿಗೇ ಅರ್ಜಿ ಬರೆಯಿರಿ ಎಂದು ಹಳೆಯ ಕೈಪಿಡಿಗಳು ಇಂದಿಗೂ ಸಲಹೆ ಕೊಡುತ್ತಿರುವುದರಿಂದ, ಪೈಪ್‌ವೈರ್ ಕೂತಿರುವ ಗಣಕದಲ್ಲಿ ಪಲ್ಸ್‌ಆಡಿಯೊವನ್ನು ಮತ್ತೆ ಸ್ಥಾಪಿಸಿ ಇಬ್ಬರನ್ನೂ ಒಂದೇ ಕುರ್ಚಿಗೆ ಕೂರಿಸುವ ಪ್ರಸಂಗಗಳೂ ನಡೆಯುತ್ತವೆ.

ಪೈಪ್‌ವೈರ್‌ಗೆ ಬ್ಲೂಟೂತ್ ವಿದ್ಯೆ ಹುಟ್ಟಿನಿಂದ ಬಂದಿಲ್ಲ. ಡೆಬಿಯನ್ ಮತ್ತು ಅದರ ಸಂತತಿಯಲ್ಲಿ ಅದು ಲಿಬ್‌ಸ್ಪಾ-0.2-ಬ್ಲೂಟೂತ್ ಎಂಬ ಪ್ರತ್ಯೇಕ ಪ್ಯಾಕೇಜಿನಲ್ಲಿದೆ. ಆ ಪ್ಯಾಕೇಜು ಇಲ್ಲದಿದ್ದಾಗ ಆಗುವುದು ಹೀಗೆ. ಮಾನ್ಯರ ಹೆಸರು ಪಟ್ಟಿಯಲ್ಲಿ ಕಾಣುತ್ತದೆ, ಜೋಡಣೆಯೂ ಆಗುತ್ತದೆ. ಗ್ನೋಮ್ ಡೆಸ್ಕ್‌ಟಾಪಿನ ಸೆಟ್ಟಿಂಗ್ಸ್‌ನ ಗುಂಡಿಯನ್ನು ಒತ್ತಿದರೆ ಅದು ಬಲಕ್ಕೆ ಸರಿದು, ಅರೆಗಳಿಗೆ ಯೋಚಿಸಿ, ಎಡಕ್ಕೇ ಮರಳುತ್ತದೆ. ಕಾರಣ ಹೇಳುವುದಿಲ್ಲ. ಟರ್ಮಿನಲ್‌ನಲ್ಲಿ ಕೇಳಿದರೆ ಬ್ಲೂಝ್ ಕೊಡುವ ಲಿಖಿತ ಉತ್ತರ: ಬಿಆರ್-ಕನೆಕ್ಷನ್-ಪ್ರೊಫೈಲ್-ಅನ್‌ಅವೈಲಬಲ್. ಸ್ಪೀಕರಿನೊಂದಿಗೆ ಮಾತಾಡಬಲ್ಲ ಧ್ವನಿ ಸರ್ವರ್ ಯಾವುದೂ ತನ್ನಲ್ಲಿ ಹೆಸರು ನೋಂದಾಯಿಸಿಲ್ಲ ಎಂಬುದು ಅದರ ತಾತ್ಪರ್ಯ. ಉತ್ತರ ನೂರಕ್ಕೆ ನೂರು ಸತ್ಯ. ಯಾವ ಸರ್ವರ್, ಯಾವ ಪ್ಯಾಕೇಜು ಎಂದು ಹೇಳುವುದು ಬ್ಲೂಝ್‌ನ ವ್ಯಾಪ್ತಿಗೆ ಬರುವುದಿಲ್ಲ. ಪೈಪ್‌ವೈರ್‌ಗಂತೂ ಇಂಥದೊಂದು ಅರ್ಜಿ ಬಂದಿತ್ತೆಂಬ ಸುದ್ದಿಯೇ ತಲುಪಿರುವುದಿಲ್ಲ. ಕೋಡ್ ಬರೆದವರಿಗೆ ಕೊರತೆಯಿಲ್ಲದ ಈ ರಾಜ್ಯದಲ್ಲಿ ಕೊರತೆ ಇರುವುದು ಯಾವ ಪ್ಯಾಕೇಜು ಬೇಕೆಂದು ಹೇಳುವ ಒಂದು ವಾಕ್ಯಕ್ಕೆ. ಪ್ಯಾಕೇಜು ಹಾಕಿ, ಒಮ್ಮೆ ಲಾಗ್‌ಔಟ್ ಆಗಿ ಬಂದರೆ ಮಾನ್ಯರು ಮಾತಾಡುತ್ತಾರೆ.

ಜೋಡಣೆಯ ವಿಧಿಗೆ ಬ್ಲೂಟೂತ್‌ಸಿಟಿಎಲ್ ಎಂಬ ಆದೇಶವೇ ನಂಬಿಕಸ್ಥ. ಮೊದಲು ಸ್ಪೀಕರಿನ ಬ್ಲೂಟೂತ್ ಗುಂಡಿಯನ್ನು ದೀಪ ಬೇಗಬೇಗ ಮಿನುಗುವವರೆಗೆ ಅದುಮಿ ಹಿಡಿಯಬೇಕು. ಆಮೇಲೆ ಪವರ್ ಆನ್, ಸ್ಕ್ಯಾನ್ ಆನ್, ನಂತರ ಮಾನ್ಯರ ವಿಳಾಸದೊಂದಿಗೆ ಪೇರ್, ಟ್ರಸ್ಟ್, ಕನೆಕ್ಟ್. ಟ್ರಸ್ಟ್ ಬಿಟ್ಟವರಿಗೆ ಆ ದಿನ ಹಾಡು ಕೇಳುತ್ತದೆ. ಮರುದಿನ ಸ್ಪೀಕರ್ ತಾನಾಗಿ ಬಂದು ಕದ ತಟ್ಟಿದಾಗ ಅನುಮತಿ ಕೊಡುವವರಿಲ್ಲದೆ ಮರಳುತ್ತದೆ. ಕೆಲವು ಸ್ಪೀಕರುಗಳು ಒಂದೇ ಹೆಸರಿನಲ್ಲಿ ಎರಡು ಸಲ ಪಟ್ಟಿಗೆ ಬರುವುದೂ ಉಂಟು. ಒಂದು ಹಾಡಿಗೆ, ಇನ್ನೊಂದು ತಯಾರಕರ ಮೊಬೈಲ್ ಆ್ಯಪ್‌ಗೆ. ಎರಡನೆಯದರೊಂದಿಗೆ ಎಷ್ಟು ಆತ್ಮೀಯವಾಗಿ ಜೋಡಿಸಿಕೊಂಡರೂ ಸದ್ದು ಬರುವುದಿಲ್ಲ. ಪಟ್ಟಿಯಲ್ಲಿ ಹೆಸರೇ ಕಾಣದಿದ್ದರೆ ಮಾನ್ಯರು ಅಡುಗೆಮನೆಯ ಯಾವುದೋ ಫೋನಿನೊಂದಿಗೆ ಆಗಲೇ ಕೈಜೋಡಿಸಿರುವ ಸಾಧ್ಯತೆಯನ್ನು ಮೊದಲು ಪರಿಶೀಲಿಸಬೇಕು.

ಲಾಗಿನ್ ಪರದೆಯ ಪ್ರಕರಣವನ್ನು ಇಲ್ಲಿ ದಾಖಲಿಸದೆ ವಿಧಿಯಿಲ್ಲ. ಗ್ನೋಮ್‌ನ ಲಾಗಿನ್ ಪರದೆಯನ್ನು ನಡೆಸುವ ಜಿಡಿಎಂ ತನ್ನದೇ ಬಳಕೆದಾರನ ಹೆಸರಿನಲ್ಲಿ ಓಡುತ್ತದೆ, ಅದಕ್ಕೆ ತನ್ನದೇ ಧ್ವನಿ ಸರ್ವರ್ ಕೂಡ ಇರುತ್ತದೆ. ಪಲ್ಸ್‌ಆಡಿಯೊ ಕಾಲದಲ್ಲಿ, ಒಡೆಯ ಪಾಸ್‌ವರ್ಡ್ ಬರೆಯುವುದಕ್ಕೆ ಮೊದಲೇ ಈ ಅದೃಶ್ಯ ಬಳಕೆದಾರ ಸ್ಪೀಕರನ್ನು ತನ್ನ ವಶಕ್ಕೆ ತೆಗೆದುಕೊಂಡು ಕೂರುತ್ತಿದ್ದ. ಅವನಿಗೆ ಹಾಡು ಬೇಕಿರಲಿಲ್ಲ, ಕೇಳಲು ಕಿವಿಯೂ ಇರಲಿಲ್ಲ. ನಿಯಮದ ಪ್ರಕಾರ ಮೊದಲು ಬಂದವನು ಅವನು. ಜಿಡಿಎಂನ ಧ್ವನಿ ಸರ್ವರನ್ನು ನಿಲ್ಲಿಸುವ ಉಪಾಯವನ್ನು ಡೆಬಿಯನ್ ಬಳಕೆದಾರರು ಬಹುಕಾಲ ಒಬ್ಬರಿಂದೊಬ್ಬರಿಗೆ ದಾಟಿಸುತ್ತ ಬಂದರು. ಪೈಪ್‌ವೈರ್‌ನ ಜೊತೆ ಕೆಲಸ ಮಾಡುವ ವೈರ್‌ಪ್ಲಂಬರ್ ಈಗ ಲಾಗಿನ್‌ಗಳ ಲೆಕ್ಕವಿಡುವ ಲಾಗಿಂಡಿಯನ್ನು ವಿಚಾರಿಸಿ, ಪರದೆಯ ಮುಂದೆ ನಿಜವಾಗಿ ಯಾರಿದ್ದಾರೋ ಅವರಿಗೇ ಸ್ಪೀಕರನ್ನು ಒಪ್ಪಿಸುತ್ತದೆ.

ಹಾಡು ಬಂದರೂ ಹಳೆಯ ಲ್ಯಾಂಡ್‌ಲೈನ್ ಫೋನಿನಲ್ಲಿ ಕೇಳಿದಂತಿದ್ದರೆ ಅದು ಭ್ರಮೆಯಲ್ಲ, ವಾಸ್ತವ. ಬ್ಲೂಟೂತ್‌ನಲ್ಲಿ ಧ್ವನಿಗೆ ಮುಖ್ಯವಾಗಿ ಎರಡು ದಾರಿ. ಎ2ಡಿಪಿ ಸ್ಟೀರಿಯೊ ಸಂಗೀತವನ್ನು ಒಂದೇ ದಿಕ್ಕಿನಲ್ಲಿ ಒಯ್ಯುತ್ತದೆ. ಎಚ್‌ಎಫ್‌ಪಿ ಎರಡೂ ದಿಕ್ಕಿನಲ್ಲಿ ಮಾತನ್ನು ಒಯ್ಯುತ್ತದೆ, ಆದರೆ ಒಂದೇ ಚಾನೆಲ್ಲಿನಲ್ಲಿ. ಹಳೆಯ ಕ್ರಮದಲ್ಲಿ 8 ಕಿಲೋಹರ್ಟ್ಸ್, ಸುಧಾರಿತ ಕ್ರಮದಲ್ಲಿ 16 ಕಿಲೋಹರ್ಟ್ಸ್ ಮಾದರಿ ದರ. ಮಾನ್ಯರಿಗೆ ಪುಟ್ಟದೊಂದು ಮೈಕ್ ಇದ್ದು, ಬ್ರೌಸರಿನಲ್ಲಿ ಯಾವುದೋ ಮೀಟಿಂಗ್ ಆ ಮೈಕನ್ನು ಬಯಸಿತೆಂದರೆ ವೈರ್‌ಪ್ಲಂಬರ್ ಮೊದಲ ದಾರಿಯಿಂದ ಎರಡನೆಯದಕ್ಕೆ ಹೊರಳಿಸುತ್ತದೆ. ಸಂಗೀತ ಕಛೇರಿ ಕೇಳುತ್ತಿದ್ದವರ ಕಿವಿಗೆ ತಂಬೂರಿ ತಗಡಿನ ಡಬ್ಬಿಯಾಗಿ ಬೀಳುತ್ತದೆ. ಮೀಟಿಂಗಿಗೆ ವೆಬ್‌ಕ್ಯಾಮಿನ ಮೈಕನ್ನು ತೋರಿಸಿ, ಪಾವುಕಂಟ್ರೋಲ್ ಎಂಬ ಧ್ವನಿ ನಿಯಂತ್ರಣ ತಂತ್ರಾಂಶದ ಕಾನ್ಫಿಗರೇಷನ್ ಪುಟದಲ್ಲಿ ಎ2ಡಿಪಿ ಆರಿಸಿದರೆ ಸಂಗೀತಕ್ಕೆ ಮರ್ಯಾದೆ ಮರಳುತ್ತದೆ. ಹೊರಳಿಸುವ ಅಭ್ಯಾಸವನ್ನೇ ವೈರ್‌ಪ್ಲಂಬರ್‌ನ ಸೆಟ್ಟಿಂಗಿನಲ್ಲಿ ನಿಲ್ಲಿಸಲೂಬಹುದು.

ಧ್ವನಿಯನ್ನು ಸಂಕುಚಿಸುವ ಕೊಡೆಕ್‌ಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಎಸ್‌ಬಿಸಿ ಎಲ್ಲ ಸ್ಪೀಕರುಗಳಿಗೂ ಕಡ್ಡಾಯ. ಎಎಸಿ, ಆಪ್ಟ್‌ಎಕ್ಸ್, ಸೋನಿಯ ಎಲ್‌ಡ್ಯಾಕ್ ಐಚ್ಛಿಕ. ಎಲ್‌ಡ್ಯಾಕ್ ಸೆಕೆಂಡಿಗೆ 990 ಕಿಲೋಬಿಟ್‌ವರೆಗೆ ಹೋಗುತ್ತದೆ ಎಂದು ಹಿಗ್ಗುವವರಲ್ಲಿ ಬಹುಪಾಲು ಜನರ ಬಳಿ ಇರುವುದು ಅಂಗೈಯಗಲದ ಸ್ಪೀಕರ್.

ಒಂದೇ ಗಣಕದಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಇಟ್ಟುಕೊಂಡವರ ಸ್ಥಿತಿ ಹೆಚ್ಚು ನಾಜೂಕು. ಬ್ಲೂಟೂತ್ ರೇಡಿಯೊ ಒಂದೇ ಆದ್ದರಿಂದ ಅದರ ವಿಳಾಸವೂ ಒಂದೇ; ಮಾನ್ಯರು ಆ ವಿಳಾಸಕ್ಕೆ ಒಂದೇ ಗುಪ್ತಕೀಲಿಯನ್ನು ನೆನಪಿಡುತ್ತಾರೆ. ವಿಂಡೋಸ್‌ನಲ್ಲಿ ಜೋಡಿಸಿದಾಗ ಲಿನಕ್ಸ್‌ನ ಕೀಲಿ ಅಳಿಯುತ್ತದೆ, ಲಿನಕ್ಸ್‌ನಲ್ಲಿ ಜೋಡಿಸಿದಾಗ ವಿಂಡೋಸ್‌ನದು. ಹಳೆಯ ಕೀಲಿ ತಂದವರನ್ನು ಅವರು ಗುರುತು ಹಿಡಿಯುವುದಿಲ್ಲ. ಮೊದಲು ಲಿನಕ್ಸ್‌ನಲ್ಲಿ, ಆಮೇಲೆ ವಿಂಡೋಸ್‌ನಲ್ಲಿ ಜೋಡಿಸಿ, ವಿಂಡೋಸ್ ರಿಜಿಸ್ಟ್ರಿಯಲ್ಲಿರುವ ಕೀಲಿಯನ್ನು ಲಿನಕ್ಸ್‌ನ ವಾರ್-ಲಿಬ್-ಬ್ಲೂಟೂತ್ ಕೋಶದಲ್ಲಿ ಮಾನ್ಯರ ವಿಳಾಸದಡಿ ಇರುವ ಕಡತಕ್ಕೆ ನಕಲು ಮಾಡಿದರೆ ಇಬ್ಬರಿಗೂ ಪ್ರವೇಶ ಸಿಗುತ್ತದೆ.

ಕೊನೆಯದಾಗಿ, ನುಂಗಿದ ಮೊದಲಕ್ಷರ. ಐದು ಸೆಕೆಂಡು ಸದ್ದಿಲ್ಲದಿದ್ದರೆ ವೈರ್‌ಪ್ಲಂಬರ್ ಧ್ವನಿಮಾರ್ಗವನ್ನು ಮಲಗಿಸುತ್ತದೆ. ಮತ್ತೆ ಸದ್ದು ಬಂದಾಗ ಮಾರ್ಗ ಎಚ್ಚರಗೊಳ್ಳುವಷ್ಟರಲ್ಲಿ ಮೊದಲ ತುಣುಕು ಕಳೆದುಹೋಗಿರುತ್ತದೆ. ಸಂದೇಶ ಬಂದ ಗಂಟೆಯ ಸದ್ದು ಪೂರ್ತಿಯಾಗಿಯೇ ಕಾಣೆಯಾಗುವುದುಂಟು. ಸಂರಚನಾ ಕಡತದಲ್ಲಿ ಈ ಅವಧಿಯನ್ನು 0 ಎಂದು ಬರೆದರೆ ಮಾರ್ಗ ಮಲಗುವುದಿಲ್ಲ. ಬದಲಿಗೆ ಮಾನ್ಯರ ಬ್ಯಾಟರಿ ಬೇಗ ಖಾಲಿಯಾಗುತ್ತದೆ. ಎರಡರಲ್ಲಿ ಯಾವುದು ಸಮ್ಮತವೆಂದು ಸನ್ನಿಧಾನವು ದೀಪ ಮಿನುಗಿಸಿ ತಿಳಿಸಬೇಕಾಗಿ ಕೋರಿಕೆ.

ಇತಿ,
ಲಿನಕ್ಸ್ ಡೆಸ್ಕ್‌ಟಾಪ್‌ನ ಪರವಾಗಿ.

ಪ್ರತಿ, ಮಾಹಿತಿಗಾಗಿ: ಸ್ಪೀಕರಿನ ಡಬ್ಬಿಯಲ್ಲಿ ಇನ್ನೂ ಬಿಚ್ಚದೆ ಉಳಿದಿರುವ 3.5 ಮಿ.ಮೀ. ಆಡಿಯೊ ಕೇಬಲ್.