ಎರಡನೆಯ ತರಗತಿಯ ತಂದೆ

ನಗರದ ಖಾಸಗಿ ಶಾಲೆಗಳು ಎರಡನೆಯ ತರಗತಿಯ ಮಕ್ಕಳಿಗೆ ‘ಪ್ರಾಜೆಕ್ಟ್’ ಎಂದು ಕೊಡುವ ಕರಕುಶಲ ಕೆಲಸವನ್ನು, ಅಂದರೆ ಮನೆಯಲ್ಲಿ ಮಾಡಿ ಸೋಮವಾರ ತಂದೊಪ್ಪಿಸಬೇಕಾದ ಮಾದರಿಯನ್ನು, ಮಗು ಮಲಗಿದ ಮೇಲೆ ತಾನೇ ಕೂತು ಮುಗಿಸುವ ತಂದೆಯೊಬ್ಬ ಪ್ರತಿ ಬಡಾವಣೆಯಲ್ಲೂ ಇದ್ದೇ ಇರುತ್ತಾನೆ. ಮಗಳು ಯಾವ ಸೆಕ್ಷನ್ನಿನಲ್ಲಿದ್ದಾಳೆಂಬುದನ್ನು ಹೆಂಡತಿಯಿಂದ ಕೇಳಿ ತಿಳಿಯುವ ಈತ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ವಿಧಾನಸೌಧದ ಮಾದರಿ’ ಎಂಬ ಸೂಚನೆ ಕಂಡದ್ದೇ ತಡ, ಷಟರ್ ಅರ್ಧ ಇಳಿದ ಸ್ಟೇಷನರಿ ಅಂಗಡಿಗೆ ಬಗ್ಗಿ ನುಗ್ಗಿ, ಚಾರ್ಟ್ ಪೇಪರು, ಫೆವಿಕಾಲ್, ಥರ್ಮಕೋಲ್ ಹಾಳೆಗಳನ್ನು ಹೊತ್ತು ತರುತ್ತಾನೆ. ಅಲಂಕಾರಕ್ಕೆ ಬಳಸುವ ಥರ್ಮಕೋಲನ್ನು ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ನಿಷೇಧಿಸಿದೆಯಾದರೂ, ಇದು ಅಲಂಕಾರವಲ್ಲ, ವಿದ್ಯಾಭ್ಯಾಸ ಎಂಬ ವಿಷಯದಲ್ಲಿ ಈತನಿಗೂ ಅಂಗಡಿಯವನಿಗೂ ಭಿನ್ನಾಭಿಪ್ರಾಯವಿರುವುದಿಲ್ಲ.

ಕಟ್ಟಡ 1956ರಲ್ಲಿ ಪೂರ್ಣಗೊಂಡಿತೆಂದೂ ಮುಂದಿನ ಮಂಟಪಕ್ಕೆ 40 ಅಡಿ ಎತ್ತರದ 12 ಕಂಬಗಳಿವೆಯೆಂದೂ ಓದಿಕೊಂಡ ಈತನಿಗೆ ಮಗಳು ‘ಎಂಟು ಸಾಕಪ್ಪಾ’ ಎಂದರೆ, ಅದನ್ನು ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರಿಗೇ ಅವಮಾನವಾದಂತೆ ನೋವಾಗುತ್ತದೆ. ಥರ್ಮಕೋಲ್ ಎಂಬುದು ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿನ ಗಟ್ಟಿ ನೊರೆಯಾದ್ದರಿಂದ ಸ್ಪ್ರೇ ಬಣ್ಣದ ದ್ರಾವಕ ತಗುಲಿದೊಡನೆ ಕರಗುತ್ತದೆಂಬ ಸತ್ಯವನ್ನು ಈತ ಕಲಿಯುವುದು ರಾತ್ರಿ ಹನ್ನೆರಡಕ್ಕೆ, ನಡುಗುಮ್ಮಟ ಕಣ್ಣೆದುರೇ ಒಳಕ್ಕೆ ಕುಸಿದಾಗ.

ಏಳರಿಂದ ಒಂಬತ್ತರ ವಯಸ್ಸಿನ ಮಕ್ಕಳು ನೆಲಕ್ಕೊಂದು ಗೆರೆ ಎಳೆದು ಅದರ ಮೇಲೆ ಲೋಕವನ್ನೆಲ್ಲ ನಿಲ್ಲಿಸುತ್ತಾರೆ, ಗೋಡೆಯಾಚೆಗಿನದನ್ನೂ ಕಾಣುವಂತೆ ಬರೆಯುತ್ತಾರೆ ಎಂದು ಕಲಾಶಿಕ್ಷಣದ ವಿದ್ವಾಂಸ ವಿಕ್ಟರ್ ಲೋವೆನ್‌ಫೆಲ್ಡ್ 1947ರ ತನ್ನ ಗ್ರಂಥದಲ್ಲಿ ವಿವರಿಸಿದ್ದಾನೆ. ಮಗಳು ಮಲಗುವ ಮುನ್ನ ಬರೆದ ಚಿತ್ರದಲ್ಲೂ ಗೋಡೆಯೊಳಗಿನ ಮಂತ್ರಿಗಳು ಕಾಣುತ್ತಾರೆ. ಒಬ್ಬರು ಕಾಫಿ ಕುಡಿಯುತ್ತಿದ್ದರೆ ಇನ್ನೊಬ್ಬರು ನಿದ್ದೆ ಹೋಗಿದ್ದಾರೆ. ಇಡೀ ಪ್ರಾಜೆಕ್ಟಿನಲ್ಲಿ ಆಡಳಿತದ ಅರಿವಿದ್ದ ಭಾಗ ಇದೊಂದೇ ಎನ್ನಬೇಕು. ತಂದೆ ಅದನ್ನು ಗಮ್ಮು ಸೋರದಂತೆ ಮಾದರಿಯ ಅಡಿಗೆ ಹಾಸಿಕೊಂಡಿರುತ್ತಾನೆ.

ಮರುದಿನ ಮೇಜಿನ ಮೇಲೆ ಸಾಲಾಗಿ ನಿಂತ ವಿಧಾನಸೌಧಗಳ ನಡುವೆ ಮಿಸ್ಸು, ‘ಇದರಲ್ಲಿ ನೀನೇನು ಮಾಡಿದೆ, ಪುಟ್ಟಾ?’ ಎಂದು ಕೇಳಿದರೆ, ‘ಮಲ್ಕೊಂಡಿದ್ದೆ ಮಿಸ್’ ಎಂಬ ಪ್ರಾಮಾಣಿಕ ಉತ್ತರ ಬರುತ್ತದೆ. ಆದರೂ ‘ಎ’ ದೊರೆಯುತ್ತದೆ. ಎಲ್‌ಇಡಿ ದೀಪ ಹೊತ್ತಿಸಿಕೊಂಡು ಬಂದ ಪಕ್ಕದ ಮನೆಯವರ ವಿಧಾನಸೌಧಕ್ಕೆ ‘ಎ ಪ್ಲಸ್’ ಬಂತೆಂದು ತಿಳಿದ ಸಂಜೆ, ಈತ ಕಚೇರಿಯಿಂದ ನೇರವಾಗಿ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆಗೆ ಹೋಗಿ ಸಾಲ್ಡರಿಂಗ್ ಐರನ್ನಿನ ಬೆಲೆ ವಿಚಾರಿಸುತ್ತಾನೆ.